ಇಜ್ರೇಲ್ ಕಣಿವೆ

ಇಜ್ರೇಲ್ ಕಣಿವೆಯು ಇಸ್ರೇಲ್ ದೇಶದ ಉತ್ತರಭಾಗದಲ್ಲಿ, ಗಲಿಲಾಯದ ಬೆಟ್ಟಗಳಿಗೂ ಸಮಾರ್ಯದ ಮಲೆಸೀಮೆಗೂ ನಡುವೆ ಹರಡಿರುವ ಫಲವತ್ತಾದ ಬಯಲು. ಹೀಬ್ರೂ ಭಾಷೆಯ ಈ ಹೆಸರಿಗೆ ‘ದೇವರು ಬಿತ್ತುತ್ತಾನೆ’ ಎಂದರ್ಥ. ಗ್ರೀಕರು ಇದನ್ನು ಎಸ್ಡ್ರೇಲಾನ್ ಎಂದು ಕರೆದರು. ಅರಬ್ಬರಿಗೆ ಇದು ಮರ್ಜ್ ಇಬ್ನ್ ಆಮಿರ್. ಹೆಸರು ಕಣಿವೆಯೆಂದಿದ್ದರೂ ಇದು ಇಕ್ಕಟ್ಟಾದ ಕಂದರವಲ್ಲ, ತ್ರಿಕೋನಾಕಾರದ ವಿಶಾಲ ಮೈದಾನ. ಪಶ್ಚಿಮದಲ್ಲಿ ಕರ್ಮೆಲ್, ಈಶಾನ್ಯದಲ್ಲಿ ತಾಬೋರ್, ಆಗ್ನೇಯದಲ್ಲಿ ಗಿಲ್ಬೋವ ಬೆಟ್ಟಗಳು ಇದಕ್ಕೆ ಎಲ್ಲೆ ಕಟ್ಟಿವೆ.

ಬಯಲಿನ ನಡುವೆ, ಅಫುಲಾ ಪಟ್ಟಣದ ಆಸುಪಾಸಿನಲ್ಲಿ, ಕಣ್ಣಿಗೆ ಕಾಣದಷ್ಟು ತಗ್ಗಾದ ಜಲವಿಭಾಜಕವಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆನೀರು ಕೀಷೋನ್ ಹೊಳೆಯಾಗಿ ಹೈಫಾದ ಬಳಿ ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ಪೂರ್ವದ ನೀರು ಹರೋದ್ ಹಳ್ಳವಾಗಿ, ಸಮುದ್ರಮಟ್ಟಕ್ಕಿಂತ ಕೆಳಗಿರುವ ಬೇತ್‌ಷೆಯಾನನ್ನು ದಾಟಿ ಜೋರ್ಡನ್ ನದಿಗೆ ಇಳಿಯುತ್ತದೆ. ಬೆಟ್ಟಗಳಿಂದ ಕೊಚ್ಚಿಬಂದ ಮೆಕ್ಕಲು ಇಲ್ಲಿ ಆಳವಾಗಿ ಕೂತಿದೆ. ಈ ಮಣ್ಣು ಎರೆಮಣ್ಣಿನಂತೆ ಜಿಗುಟು: ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಅಲ್ಲಿ ಮಳೆ ಸುರಿಯುವ ಚಳಿಗಾಲದಲ್ಲಿ ಕಾಲು ಕಿತ್ತಿಡಲಾಗದ ಕೆಸರಾಗುತ್ತದೆ. ಕಣಿವೆಯ ಬೆಳೆಗೂ ಅಲ್ಲಿ ನಡೆದ ಹಲವು ಯುದ್ಧಗಳ ಸೋಲು ಗೆಲುವಿಗೂ ಈ ಮಣ್ಣೇ ಕಾರಣ.

ಈಜಿಪ್ಟಿನಿಂದ ದಮಸ್ಕಕ್ಕೆ ಹೋಗುತ್ತಿದ್ದ ಹೆದ್ದಾರಿ ಕರ್ಮೆಲ್ ಸಾಲನ್ನು ದಾಟಿ ಬಯಲಿಗಿಳಿಯುವ ಜಾಗದಲ್ಲಿ ಮೆಗಿದ್ದೋ ಕೋಟೆಯಿತ್ತು. ಕ್ರಿ.ಪೂ. 15ನೇ ಶತಮಾನದಲ್ಲಿ ಫರೋಹ ಮೂರನೆಯ ಥುಟ್ಮೋಸ್ ಇಲ್ಲಿಗೆ ದಂಡೆತ್ತಿ ಬಂದಾಗ ಅವನ ಮುಂದೆ ಮೂರು ದಾರಿಗಳಿದ್ದವು. ಒಂದರ ಹಿಂದೊಂದು ಕುದುರೆ ಸಾಗಬೇಕಾದ ಇಕ್ಕಟ್ಟಿನ ಕಣಿವೆದಾರಿ ಬೇಡವೆಂದು ದಂಡನಾಯಕರು ಹೇಳಿದರು. ಅವನು ಅದನ್ನೇ ಹಿಡಿದು, ಶತ್ರುಗಳು ಎದುರು ನೋಡದ ಕಡೆ ಹೊರಬಿದ್ದ. ಆದರೆ ಸೈನಿಕರು ಸೋತ ಶತ್ರುಗಳ ಬಿಡಾರ ಕೊಳ್ಳೆ ಹೊಡೆಯಲು ನಿಂತದ್ದರಿಂದ ಊರು ಕೂಡಲೇ ಕೈಗೆ ಸಿಗದೆ, ಏಳು ತಿಂಗಳ ಮುತ್ತಿಗೆ ಹಾಕಬೇಕಾಯಿತು. ಈ ವೃತ್ತಾಂತವನ್ನು ಕಾರ್ನಾಕ್ ದೇವಾಲಯದ ಗೋಡೆಗಳ ಮೇಲೆ ಕೆತ್ತಲಾಗಿದೆ.

ಬೈಬಲಿನ ನ್ಯಾಯಸ್ಥಾಪಕರ ಗ್ರಂಥದ ಪ್ರಕಾರ ಕಾನಾನ್ಯರ ಸೇನಾಪತಿ ಸೀಸೆರನ 900 ಕಬ್ಬಿಣದ ರಥಗಳು ದೆಬೋರಳೂ ಬಾರಾಕನೂ ನಡೆಸಿದ ಕಾಲಾಳುಗಳ ಮುಂದೆ ನಿಷ್ಫಲವಾದವು; ಕೀಷೋನ್ ಉಕ್ಕಿ ವೈರಿಗಳನ್ನು ಕೊಚ್ಚಿಕೊಂಡು ಹೋಯಿತೆಂದು ದೆಬೋರಳ ಹಾಡು ಹೇಳುತ್ತದೆ. ಗಿದ್ಯೋನನು ಹರೋದ್ ಬುಗ್ಗೆಯ ಬಳಿ ಯುದ್ಧಕ್ಕೆಂದು ಕೇವಲ 300 ಮಂದಿಯನ್ನು ಆರಿಸಿಕೊಂಡ. ಸೌಲ ಅರಸನು ಫಿಲಿಷ್ಟಿಯರ ಎದುರು ಸೋತು ಸತ್ತದ್ದು ಗಿಲ್ಬೋವದಲ್ಲಿ, ಕ್ರಿ.ಪೂ. 609ರಲ್ಲಿ ಯೆಹೂದದ ಅರಸ ಯೋಷೀಯನು ಫರೋಹ ನೆಕೋವಿನ ಕೈಯಲ್ಲಿ ಮಡಿದದ್ದು ಮೆಗಿದ್ದೋವಿನಲ್ಲಿ. ಪ್ರಕಟನೆ ಗ್ರಂಥದ ಹರ್ಮಗೆದೋನ್ ಎಂಬ ಹೆಸರನ್ನು ‘ಮೆಗಿದ್ದೋ ಬೆಟ್ಟ’ ಎಂದು ಸಾಮಾನ್ಯವಾಗಿ ಬಿಡಿಸುತ್ತಾರೆ. ಇವೆಲ್ಲಕ್ಕಿಂತ ಮನಸ್ಸನ್ನು ತಟ್ಟುವುದು ಯುದ್ಧವಲ್ಲದ ಒಂದು ಕಥೆ. ಪಿತ್ರಾರ್ಜಿತವಾದ ದ್ರಾಕ್ಷಿತೋಟವನ್ನು ಮಾರಲು ಒಪ್ಪದ ಇಜ್ರೇಲ್ ಊರಿನ ನಾಬೋತನನ್ನು, ರಾಣಿ ಈಜೆಬೆಲ್ ಸುಳ್ಳುಸಾಕ್ಷಿ ಹೂಡಿ ಕಲ್ಲೆಸೆದು ಕೊಲ್ಲಿಸುತ್ತಾಳೆ; ತೋಟ ಅಹಾಬ ಅರಸನ ಪಾಲಾಗುತ್ತದೆ.

1260ರಲ್ಲಿ ಮಮ್ಲೂಕರು ಐನ್ ಜಾಲೂತ್ ಕಾಳಗದಲ್ಲಿ ಮಂಗೋಲರನ್ನು ಸೋಲಿಸಿದ್ದೂ ಈ ಕಣಿವೆಯಲ್ಲಿಯೇ. 1799ರಲ್ಲಿ ನೆಪೋಲಿಯನ್ನನ ಪಡೆ ತಾಬೋರ್ ಬುಡದಲ್ಲಿ ತುರ್ಕರನ್ನು ಎದುರಿಸಿತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರಿನಲ್ಲಿ, ಬ್ರಿಟಿಷ್ ಜನರಲ್ ಅಲೆನ್ಬಿಯ ಅಶ್ವದಳ ಮೆಗಿದ್ದೋ ಮೂಲಕ ನುಗ್ಗಿ ಅಫುಲಾವನ್ನು ಹಿಡಿಯಿತು. ಸೆಪ್ಟೆಂಬರ್ 23ರಂದು ಹೈಫಾದ ಮೇಲೆ ಏರಿಹೋದ ಜೋಧಪುರ ಲ್ಯಾನ್ಸರ್ಸ್ ಸವಾರರಿಗೆ ಕೀಷೋನ್ ದಡದ ಹುದುಲು ಅಡ್ಡಿಯಾಯಿತು. ಮೈಸೂರು ಲ್ಯಾನ್ಸರ್ಸ್ ತುಕಡಿ ಕರ್ಮೆಲ್ ಏರಿ ಫಿರಂಗಿಗಳ ಬಾಯಿ ಮುಚ್ಚಿಸಿತು. ಆ ಸವಾರರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ಆಟೊಮನ್ ಆಳ್ವಿಕೆಯ ಕೊನೆಗಾಲದಲ್ಲಿ ಇಲ್ಲಿನ ಬಹುಭಾಗ ಭೂಮಿ ಬೈರೂತಿನ ಸುರ್ಸೊಕ್ ಮನೆತನದ ಒಡೆತನಕ್ಕೆ ಬಂದಿತ್ತು. 1920ರ ದಶಕದಲ್ಲಿ ಅದು ಯಹೂದಿ ಸಂಸ್ಥೆಗಳಿಗೆ ಮಾರಾಟವಾದಾಗ, ತಲೆಮಾರುಗಳಿಂದ ಉತ್ತುಬಂದ ಅರಬ್ ಗೇಣಿದಾರರು ಒಕ್ಕಲೆದ್ದು ಹೋಗಬೇಕಾಯಿತು. ಮಲೇರಿಯಾ ಹಬ್ಬಿಸುತ್ತಿದ್ದ ಜೌಗನ್ನು ಹೊಸ ನೆಲಸಿಗರು ಕಾಲುವೆ ತೋಡಿ ಬತ್ತಿಸಿದರು. ಮೊಷಾವ್ ಮಾದರಿಯ ಮೊದಲ ಸಹಕಾರಿ ಕೃಷಿಗ್ರಾಮ ನಹಲಾಲ್ 1921ರಲ್ಲಿ ಇಲ್ಲಿಯೇ ಹುಟ್ಟಿತು.

ಗೋಧಿ, ಹತ್ತಿ, ಸೂರ್ಯಕಾಂತಿ ಇಂದಿನ ಮುಖ್ಯ ಬೆಳೆಗಳು. ಒಂದರ ಮೇಲೊಂದು ಇಪ್ಪತ್ತಕ್ಕೂ ಹೆಚ್ಚು ವಸತಿ ಸ್ತರಗಳಿರುವ ಮೆಗಿದ್ದೋ ದಿಬ್ಬವು 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.