ಪಾಠದ ಕೋಣೆಯಿಂದ ಪ್ರಿನ್ಸಿಪಾಲರ ಕೋಣೆಗೆ

ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿ ನಿವೃತ್ತನಾದವನು ನಾನು. ಊರ ಚರಿತ್ರೆ, ದೇಶದ ಚರಿತ್ರೆಗಳನ್ನೆಲ್ಲ ಹುಡುಗರಿಗೆ ಉರು ಹೊಡೆಸಿದ ನನಗೆ ನಮ್ಮ ಕಾಲೇಜಿನ ಚರಿತ್ರೆಯಲ್ಲೇ ಒಂದು ಪುಟವನ್ನು ತಪ್ಪಾಗಿ ಓದಿಕೊಂಡಿದ್ದೆನೆಂಬುದು ಬಹಳ ತಡವಾಗಿ ತಿಳಿಯಿತು.

ನಮ್ಮಲ್ಲಿ ಹಿರಿಯ ಅಧ್ಯಾಪಿಕೆಯೊಬ್ಬರಿದ್ದರು. ಹದಿನೆಂಟು ವರ್ಷಗಳ ಅನುಭವ. ಅವರ ಪಾಠವೆಂದರೆ ಬೇರೆ ವಿಭಾಗದ ಹುಡುಗರೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಪ್ರಿನ್ಸಿಪಾಲರು ನಿವೃತ್ತರಾದಾಗ ಹಿರಿತನದ ಪ್ರಕಾರ ಆ ಸ್ಥಾನ ಅವರಿಗೆ ಸಲ್ಲಬೇಕಾಗಿತ್ತು. ಕೇಳಿದರೆ ಅವರು, "ಬೇಡಿ ಸಾರ್. ನಾನು ಬಜೆಟ್ಟು ಕಂಡವಳಲ್ಲ, ಒಂದು ಆಯ್ಕೆ ಸಮಿತಿಯಲ್ಲಿ ಕೂತವಳಲ್ಲ. ನನಗೆ ನನ್ನ ಪಾಠವೇ ಸಾಕು" ಎಂದುಬಿಟ್ಟರು. ಎಂಥ ವಿನಯ ಎಂದು ನಾವೆಲ್ಲ ಮೆಚ್ಚಿಕೊಂಡೆವು. ಅವರಿಗಿಂತ ಕಿರಿಯರೊಬ್ಬರು ಆ ಕುರ್ಚಿಯಲ್ಲಿ ಕುಳಿತರು.

ಅದು ನಿಜವಾಗಿಯೂ ವಿನಯವೇ? ಈ ಪ್ರಶ್ನೆ ನಿವೃತ್ತಿಯ ಬಿಡುವಿನಲ್ಲಿ ನನ್ನನ್ನು ಕಾಡತೊಡಗಿತು. ಹೆಂಗಸರು ನಮ್ಮ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಮುಖ್ಯ ಸ್ಥಾನಕ್ಕೆ ಬಂದ ಬಗೆ ಹೇಗೆ ಎಂದು ಹುಡುಕಿ ನೋಡಿದೆ.

1949ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಹಂಸಾ ಮೆಹತಾ ಅದರ ಉಪಕುಲಪತಿಗಳಾದರು. ಗಂಡು ಹೆಣ್ಣು ಮಕ್ಕಳು ಕೂಡಿ ಓದುವ ಭಾರತದ ವಿಶ್ವವಿದ್ಯಾನಿಲಯವೊಂದಕ್ಕೆ ಮಹಿಳೆಯೊಬ್ಬರು ಉಪಕುಲಪತಿಯಾದದ್ದು ಅದೇ ಮೊದಲು. 1897ರಲ್ಲಿ ಹುಟ್ಟಿದ ಅವರು ಆಗ ಐವತ್ತು ದಾಟಿದ್ದರು. 1958ರವರೆಗೆ ಆ ಹೊಣೆಯನ್ನು ಹೊತ್ತರು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಅವರು ಉಪನ್ಯಾಸಕಿಯಾಗಿ ಸೇರಿ, ಮೆಟ್ಟಲು ಮೆಟ್ಟಲಾಗಿ ಏರಿ ಅಲ್ಲಿಗೆ ಬಂದವರಲ್ಲ. ಹಾಗಾದರೆ ಆಡಳಿತವನ್ನು ಕಲಿತದ್ದೆಲ್ಲಿ?

ತಂದೆ ಮನುಭಾಯಿ ಮೆಹತಾ ಬರೋಡದ ದಿವಾನರಾಗಿದ್ದರೆಂಬುದು ನಿಜ. ಆದರೆ ದಿವಾನರ ಮಗಳಾದ ಮಾತ್ರಕ್ಕೆ ವಿಶ್ವವಿದ್ಯಾನಿಲಯ ನಡೆಸಲು ಬಾರದು. ಅವರ ನಿಜವಾದ ಪಾಠಶಾಲೆ ಹೊರಗಿತ್ತು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡರು. ಮುಂಬಯಿಯ ವಿಧಾನ ಪರಿಷತ್ತಿನಲ್ಲಿ ಕುಳಿತರು. ರಾಜ್ಯಾಂಗ ಸಭೆಯ ಸದಸ್ಯೆಯಾದರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ 1948ರಲ್ಲಿ ಸಿದ್ಧವಾದಾಗ, ಅದರಲ್ಲಿ ಪುರುಷರು ಎಂದಿದ್ದ ಕಡೆ ಮಾನವರು ಎಂದು ತಿದ್ದಿಸಲು ಹೋರಾಡಿದವರೂ ಅವರೇ. ಎಲ್ಲಕ್ಕಿಂತ ಹೆಚ್ಚಾಗಿ ಅಖಿಲ ಭಾರತ ಮಹಿಳಾ ಪರಿಷತ್ತಿತ್ತು. 1927ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ವಿಚಾರಕ್ಕೆಂದೇ ಕೂಡಿದ ಆ ಪರಿಷತ್ತಿಗೆ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಸಂಘಟನಾ ಕಾರ್ಯದರ್ಶಿಯಾಗಿದ್ದರು. 1932ರಲ್ಲಿ ದಿಲ್ಲಿಯ ಲೇಡಿ ಇರ್ವಿನ್ ಕಾಲೇಜು ಹುಟ್ಟಿದ್ದೂ ಈ ಪರಿಷತ್ತಿನ ಪ್ರಯತ್ನದಿಂದಲೇ. ಠರಾವು ಬರೆಯುವುದು, ಚಂದಾ ಎತ್ತುವುದು, ಲೆಕ್ಕ ಒಪ್ಪಿಸುವುದು, ಒಪ್ಪದವರನ್ನು ಒಪ್ಪಿಸುವುದು, ಇವನ್ನೆಲ್ಲ ಹೆಂಗಸರು ಹೆಂಗಸರ ನಡುವೆಯೇ ಕಲಿತರು. ಹಂಸಾ ಮೆಹತಾ ಆ ಪರಿಷತ್ತಿನ ಅಧ್ಯಕ್ಷೆಯೂ ಆಗಿದ್ದರು.

ಇನ್ನು ಒಳಗಿನ ಮೆಟ್ಟಲು ಹತ್ತಿದವರ ಕಥೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದರೆ ಸಾಕು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಅಲ್ಲಿ ಪ್ರವೇಶ ಕೇಳಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ. ವಿ. ರಾಮನ್ನರು ನಿರಾಕರಿಸಿದರು. ಆಕೆ ಹಟ ಬಿಡಲಿಲ್ಲ. ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿ, ಗೆದ್ದರು. 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟು ಪಡೆದ ಈ ಕಮಲಾ ಸೊಹೊನಿ ಮುಂದೆ ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಪ್ರಾಧ್ಯಾಪಕಿಯಾಗಿದ್ದು, ವೃತ್ತಿಜೀವನದ ಕೊನೆಯ ಘಟ್ಟದಲ್ಲಷ್ಟೇ ಅದರ ನಿರ್ದೇಶಕಿಯಾದರು. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅಮೆರಿಕದ ಮಿಷಿಗನ್‌ನಲ್ಲಿ ಓದಿ, 1953ರಲ್ಲಿ ಹಿಂದಿರುಗಿ ಅದೇ ವಿಜ್ಞಾನ ಮಂದಿರದಲ್ಲಿ ಸೂಕ್ಷ್ಮತರಂಗಗಳನ್ನು ಕುರಿತು ಬೋಧಿಸಿದರು. ಕ್ರಮೇಣ ತಮ್ಮ ವಿಭಾಗದ ಅಧ್ಯಕ್ಷೆಯಾದರು. ದೇಶದ ವಿಶ್ವವಿದ್ಯಾನಿಲಯಗಳಿಗೆ ಹಣ ಹಂಚುವ ಅನುದಾನ ಆಯೋಗಕ್ಕೆ 1956ರಲ್ಲೇ ಶಾಸನದ ಬಲ ಬಂದಿತ್ತಾದರೂ, ಅದರ ಅಧ್ಯಕ್ಷ ಪೀಠದಲ್ಲಿ ಮಹಿಳೆಯೊಬ್ಬರು, ಮಾಧುರಿ ಶಾ, ಕುಳಿತದ್ದು 1981ರಲ್ಲಿ.

ತರಗತಿಯ ಬಾಗಿಲು ತೆರೆದ ಎಷ್ಟೋ ಕಾಲದ ಮೇಲೆ ಕಚೇರಿಯ ಬಾಗಿಲು ತೆರೆಯಿತು. ಓದಿನಲ್ಲಿ ಗೆದ್ದ ಹೆಂಗಸಿಗೆ ಆಡಳಿತ ತಾನಾಗಿಯೇ ಬರುತ್ತದೆಂದು ಎಲ್ಲರೂ ಭಾವಿಸಿದ್ದರು. ಗಂಡಸರಿಗೂ ಅದು ತಾನಾಗಿ ಬಂದದ್ದಲ್ಲ. ಸಮಿತಿಗಳಲ್ಲಿ ಕೂತು, ಹಿರಿಯರ ಜೊತೆ ಕಾಫಿ ಕುಡಿಯುತ್ತಾ, ಕಡತ ತಿರುವಿ ಹಾಕುತ್ತಾ ನಾವು ಕಲಿತೆವು. ಕಲಿಯುತ್ತಿದ್ದೇವೆಂದು ನಮಗೇ ಗೊತ್ತಿರಲಿಲ್ಲ, ಅಷ್ಟೆ. ಇದನ್ನು ಅರಿತವರು ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿ 1976ರಲ್ಲಿ, ಕಾಲೇಜುಗಳಲ್ಲಿ ದುಡಿಯುವ ಮಹಿಳೆಯರಿಗಾಗಿ ಆಡಳಿತ ಕಲಿಸುವ ಬೇಸಿಗೆ ಶಿಬಿರವನ್ನು ಆರಂಭಿಸಿದರು. ನಮ್ಮಲ್ಲಿ ಹತ್ತನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಅನುದಾನ ಆಯೋಗವೇ ಅಧ್ಯಾಪಿಕೆಯರಿಗೆಂದು ಇಂಥ ತರಬೇತಿ ಶಿಬಿರಗಳನ್ನು ಏರ್ಪಡಿಸಿತು. ಆಡಳಿತ, ಸಂಶೋಧನೆ, ಮನೆ ಮತ್ತು ವೃತ್ತಿಗಳ ಹೊಂದಾಣಿಕೆ ಇವೆಲ್ಲ ಅಲ್ಲಿನ ವಿಷಯಗಳು.

ಇಷ್ಟು ತಿಳಿದ ಮೇಲೆ ನನ್ನ ಹಳೆಯ ನೋಟುಪುಸ್ತಕಗಳನ್ನು ಹೊರತೆಗೆದೆ. ಏಳು ವರ್ಷ ಅಧ್ಯಾಪಕ ಸಂಘದ ಕಾರ್ಯದರ್ಶಿಯಾಗಿ ಕಾಲೇಜಿನ ಸಮಿತಿಗಳ ಪಟ್ಟಿ ಬರೆದವನು ನಾನೇ. ಆ ಅಧ್ಯಾಪಿಕೆಯ ಹೆಸರು ಏಳು ವರ್ಷವೂ ಇತ್ತು: ಪ್ರಾರ್ಥನೆ, ಸ್ವಾಗತ, ಉಪಾಹಾರ. ಹಣಕಾಸಿನ ಪಟ್ಟಿಯಲ್ಲಿ ಒಮ್ಮೆಯೂ ಇರಲಿಲ್ಲ. ಬೇಕೆಂದು ಬಿಟ್ಟವನಲ್ಲ ನಾನು, ನೆನಪೇ ಆಗಿರಲಿಲ್ಲ.

ಈಚೆಗೆ ಒಂದು ಮದುವೆಮನೆಯಲ್ಲಿ ಅವರು ಸಿಕ್ಕಿದಾಗ ಇದನ್ನು ಹೇಳಿಕೊಂಡೆ. ಅವರು ನಕ್ಕು, "ನೀವು ಒಮ್ಮೆಲೇ ಪ್ರಿನ್ಸಿಪಾಲಾಗಿ ಅಂದಿರಿ ಸಾರ್. ಹತ್ತು ವರ್ಷ ಮುಂಚೆ, ಬನ್ನಿ ಬಜೆಟ್ಟು ನೋಡೋಣ ಅಂದಿದ್ದರೆ ಬೇಡ ಅಂತಿರಲಿಲ್ಲ" ಎಂದರು.

ಕಾಲೇಜುಗಳು ತೆರೆಯುವ ಹೊತ್ತಿಗೆ ಎಷ್ಟೋ ಕಡೆ ಸಮಿತಿಗಳ ಪಟ್ಟಿ ಸಿದ್ಧವಾಗುತ್ತದೆ. ಬರೆಯುವವರು ಒಮ್ಮೆ ಕೈ ತಡೆದು ನೋಡಲಿ ಎಂಬುದೊಂದೇ ನನ್ನ ಬಿನ್ನಹ.