ಜೈಲಿನಲ್ಲಿ ಸಭೆ ಸೇರಿದ ಪುರಸಭೆ

ನಾವು ಓದಿದ ಇಂಗ್ಲೆಂಡಿನ ಚರಿತ್ರೆ ಅಂದರೆ ರಾಜರ ಪಟ್ಟಿ, ರಾಣಿಯರ ಪಟ್ಟಿ, ಯುದ್ಧಗಳ ಇಸವಿ. ಮನೆತನದಲ್ಲೇ ಮೊದಲ ಸಲ ಪುಸ್ತಕ ಹಿಡಿದವರು ನಾವು. ಪುಸ್ತಕದಲ್ಲಿ ಇದ್ದದ್ದೇ ಚರಿತ್ರೆ ಅಂತ ನಂಬಿ ಉರು ಹೊಡೆದೆವು. ಆ ರಾಜರ ಊರಿನಲ್ಲೂ ಹಸಿದವರಿದ್ದರು, ಹಸಿದವರ ಪರವಾಗಿ ಜೈಲಿಗೆ ನಡೆದ ಪುರಸಭೆಯೊಂದಿತ್ತು ಅಂತ ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ. ಪಾಪ, ಅವರಿಗೂ ಯಾರೂ ಹೇಳಿರಲಿಲ್ಲ. ಹಾಗಾಗಿ ಜಾರ್ಜ್ ಲ್ಯಾನ್ಸ್‌ಬರಿಯ ಕಥೆಯನ್ನು ಈಗ ನಾವು ನಾವೇ ಹೇಳಿಕೊಳ್ಳಬೇಕು.

ಲ್ಯಾನ್ಸ್‌ಬರಿ ಹುಟ್ಟಿದ್ದು 1859ರಲ್ಲಿ. ಅಪ್ಪ ರೈಲು ದಾರಿ ಹಾಕುವ ಕೆಲಸದವನು. ಮಗ ಬೆಳೆದದ್ದು ಹಡಗುಕಟ್ಟೆಯ ಕೂಲಿಗಳು ತುಂಬಿದ್ದ ಪೂರ್ವ ಲಂಡನ್ನಿನಲ್ಲಿ. ಆಸ್ಟ್ರೇಲಿಯಾದಲ್ಲಿ ಕೈತುಂಬ ಕೆಲಸ ಉಂಟು ಅನ್ನುವ ಪ್ರಚಾರ ನಂಬಿ 1884ರಲ್ಲಿ ಹೆಂಡತಿ ಮಕ್ಕಳ ಜತೆ ಹಡಗು ಹತ್ತಿದ. ಅಲ್ಲಿ ಬವಣೆ ಉಂಡು ಮರುವರ್ಷವೇ ವಾಪಸಾದ. ಆ ಸುಳ್ಳನ್ನು ಊರೂರಿಗೆ ಸಾರುತ್ತ ರಾಜಕೀಯಕ್ಕೆ ಬಂದ. ಹೊಟ್ಟೆಪಾಡಿಗೆ ಮಾವನ ಮರ ಕೊಯ್ಯುವ ಮಿಲ್ಲು ಇತ್ತು.

1893ರಲ್ಲಿ ಪಾಪ್ಲರ್ ಎಂಬ ಬಡ ಪ್ರದೇಶದ ದರಿದ್ರ ಪಾಲಕ ಮಂಡಳಿಗೆ ಆತ ಆಯ್ಕೆಯಾದ. ದಿಕ್ಕಿಲ್ಲದವರನ್ನು ಕೂಡಿಹಾಕಿ ದುಡಿಸಿ ಗಂಜಿ ಹಾಕುವ ‘ವರ್ಕ್‌ಹೌಸ್’ ಈ ಮಂಡಳಿಯ ಕೈಯಲ್ಲಿತ್ತು. ಹೆಸರಿಗೆ ಧರ್ಮಛತ್ರ, ನಡತೆಯಲ್ಲಿ ಸೆರೆಮನೆ. ಅಲ್ಲಿನ ಗಂಜಿಯಲ್ಲಿ ಕರ್ರಗೆ ತೇಲುತ್ತಿದ್ದದ್ದು ಇಲಿ ಹಿಕ್ಕೆ. ಲ್ಯಾನ್ಸ್‌ಬರಿ ಮತ್ತು ಗೆಳೆಯ ವಿಲ್ ಕ್ರುಕ್ಸ್ ಹಟ ಹಿಡಿದು ಊಟ ಬದಲಾಯಿಸಿದರು, ಬಡವನೆಂದು ಗುರುತು ಹಚ್ಚುವ ಸಮವಸ್ತ್ರ ತೆಗೆಸಿದರು. ಅವಮಾನ ಉಣಿಸಿ ಕೊಡುವ ಅನ್ನ ಅನ್ನವಲ್ಲ ಎಂಬುದು ನಮಗೆ ಯಾರೂ ಬಿಡಿಸಿ ಹೇಳಬೇಕಾದ ಮಾತಲ್ಲ.

1903ರಲ್ಲಿ ಪಾಪ್ಲರ್ ಪುರಸಭೆಯ ಸದಸ್ಯ, 1910ರಲ್ಲಿ ಪಾರ್ಲಿಮೆಂಟಿನ ಸದಸ್ಯ. ಬೇರೆಯವರಾದರೆ ಅಲ್ಲೇ ಬೇರು ಬಿಡುತ್ತಿದ್ದರು. ಈತ 1912ರಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಆ ಕುರ್ಚಿಗೇ ರಾಜೀನಾಮೆ ಕೊಟ್ಟು, ಅದೇ ಪ್ರಶ್ನೆ ಮುಂದಿಟ್ಟು ಮತ್ತೆ ಸ್ಪರ್ಧಿಸಿ ಸೋತ. ಮತ್ತೆ ಪಾರ್ಲಿಮೆಂಟಿನ ಬಾಗಿಲು ತೆರೆಯಲು ಹತ್ತು ವರ್ಷ ಬೇಕಾಯಿತು.

ಆ ಹತ್ತು ವರ್ಷಗಳ ಕೊನೆಗೆ ಬಂದದ್ದೇ ಪಾಪ್ಲರ್ ಬಂಡಾಯ. 1919ರಲ್ಲಿ ಲೇಬರ್ ಪಕ್ಷ ಪುರಸಭೆಯ 42 ಸ್ಥಾನಗಳಲ್ಲಿ 39 ಗೆದ್ದಿತು. ಗೆದ್ದವರು ರೈಲ್ವೆಯವರು, ಹಡಗುಕಟ್ಟೆಯವರು, ಕೂಲಿಗಳು, ಗೃಹಿಣಿಯರು. ಲ್ಯಾನ್ಸ್‌ಬರಿ ಮೇಯರ್ ಆದ. ಪುರಸಭೆಯ ನೌಕರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ಕೂಲಿ ಗೊತ್ತು ಮಾಡಿದರು. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ.

ಅಷ್ಟರಲ್ಲಿ ಯುದ್ಧದ ನಂತರದ ನಿರುದ್ಯೋಗ ಬಡಿಯಿತು. ಆಗಿನ ಕಾನೂನು ನೋಡಿ: ಆಯಾ ಪ್ರದೇಶದ ಬಡವರನ್ನು ಆಯಾ ಪ್ರದೇಶದ ಕಂದಾಯದಿಂದಲೇ ಸಾಕಬೇಕು. ಪಾಪ್ಲರಿನಲ್ಲಿ ಹಸಿದವರು ಹೆಚ್ಚು, ಮನೆಗಳ ಬೆಲೆ ಕಡಿಮೆ. ವೆಸ್ಟ್‌ಮಿನ್‌ಸ್ಟರಿನಲ್ಲಿ ಬಂಗಲೆಗಳು ಹೆಚ್ಚು, ಹಸಿದವರು ಕಡಿಮೆ. ಅಂದರೆ ಬಡವರ ಹೊರೆ ಬಡವರ ತಲೆಗೇ. ಇದರ ಮೇಲೆ ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸ್, ನೀರಿನ ಮಂಡಳಿಗಳಿಗೂ ಪಾಲು ಕಟ್ಟಬೇಕು. 1921ರಲ್ಲಿ ಪಾಪ್ಲರ್ ಪುರಸಭೆ ಈ ಪಾಲನ್ನು ಕಟ್ಟುವುದಿಲ್ಲ ಅಂತ ಠರಾವು ಮಾಡಿತು. ಕೋರ್ಟು ಕರೆಯಿತು. ಜುಲೈ 29ರಂದು ಅವರು ಬ್ಯಾನರ್ ಹಿಡಿದು, ಬ್ಯಾಂಡ್ ಬಾರಿಸುತ್ತ ಮೆರವಣಿಗೆಯಲ್ಲೇ ಕೋರ್ಟಿಗೆ ಹೋದರು.

ಸೆಪ್ಟೆಂಬರಿನಲ್ಲಿ ಬಂಧನ ಶುರುವಾಯಿತು. ಒಟ್ಟು 30 ಸದಸ್ಯರು ಒಳಗೆ. ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಐವರು ಹೆಂಗಸರು ಹಾಲೊವೇ ಜೈಲಿಗೆ. ಅವರಲ್ಲಿ ನೆಲ್ಲಿ ಕ್ರೆಸಾಲ್ ತುಂಬು ಬಸುರಿ. ಹೊರಗೆ ಜನ ಸೇರುತ್ತಿದ್ದರು, ಲ್ಯಾನ್ಸ್‌ಬರಿ ಜೈಲಿನ ಸರಳುಗಳ ಹಿಂದಿನಿಂದಲೇ ಭಾಷಣ ಮಾಡುತ್ತಿದ್ದ. ಊರಿನ ಕೆಲಸ ನಿಲ್ಲಬಾರದಲ್ಲ, ಹೆಂಗಸರನ್ನು ಹಾಲೊವೇಯಿಂದ ಕರೆತಂದು ಬ್ರಿಕ್ಸ್‌ಟನ್ ಜೈಲಿನೊಳಗೇ ಪುರಸಭೆಯ ಸಭೆಗಳು ನಡೆದವು. ಅಕ್ಟೋಬರ್ 12ರಂದು ಸರ್ಕಾರ ಸೋತು ಬಿಡುಗಡೆ ಮಾಡಿತು. ಬಡವರ ಪರಿಹಾರದ ಹೊರೆಯನ್ನು ಇಡೀ ಲಂಡನ್ನಿಗೆ ಹಂಚುವ ಕಾಯಿದೆ ಅದೇ ವರ್ಷ ಬಂತು.

ಬೆಲೆ ತೆರದೆ ಬಂದದ್ದಲ್ಲ ಇದು. ಲ್ಯಾನ್ಸ್‌ಬರಿಯ ಸೊಸೆ, ಸ್ವತಃ ಸದಸ್ಯೆಯಾಗಿದ್ದ ಮಿನ್ನಿ, ಜೈಲಿನಿಂದ ಬಂದ ಕೆಲವೇ ವಾರಗಳಲ್ಲಿ, 1922ರ ಜನವರಿ 1ರಂದು ನ್ಯುಮೋನಿಯಾದಿಂದ ತೀರಿಕೊಂಡಳು. ಆಕೆಗೆ 32 ವರ್ಷ. ಸ್ವಂತ ಪಕ್ಷದ ದೊಡ್ಡವರೇ ಮುಖ ಸಿಂಡರಿಸಿದರು. ಕಾನೂನು ಮುರಿದರೆ ಮರ್ಯಾದಸ್ಥರ ಮತ ಹೋಗುತ್ತದಲ್ಲ ಅಂತ ಅವರ ಚಿಂತೆ. 1925ರಲ್ಲಿ ಲಾರ್ಡ್ಸ್ ನ್ಯಾಯಪೀಠ ಆ 4 ಪೌಂಡ್ ಕೂಲಿಯನ್ನೇ ಅಕ್ರಮ ಎಂದಿತು. ಹೆಣ್ಣಿಗೆ ಸಮಾನ ಕೂಲಿ ಕೊಟ್ಟದ್ದೂ ಆ ನ್ಯಾಯಮೂರ್ತಿಗಳ ಕಣ್ಣು ಚುಚ್ಚಿತ್ತು.

ಆದರೆ ಜನ ತೀರ್ಪು ಕೊಟ್ಟಾಗಿತ್ತು. 1922ರಲ್ಲಿ ಬೋ ಅಂಡ್ ಬ್ರಾಮ್ಲಿ ಕ್ಷೇತ್ರ ಲ್ಯಾನ್ಸ್‌ಬರಿಯನ್ನು ಮತ್ತೆ ಪಾರ್ಲಿಮೆಂಟಿಗೆ ಕಳಿಸಿತು, ಸಾಯುವವರೆಗೂ ಕೈಬಿಡಲಿಲ್ಲ. 1929ರಲ್ಲಿ ಮಂತ್ರಿಯಾದ. 1931ರಲ್ಲಿ ನಿರುದ್ಯೋಗಿಗಳ ಭತ್ಯೆಗೆ ಕತ್ತರಿ ಹಾಕುವ ಮಾತು ಬಂದಾಗ ಸಂಪುಟದಲ್ಲೇ ವಿರೋಧಿಸಿದ. ಅದೇ ವರ್ಷ ದುಂಡು ಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ತಂಗಿದ್ದು ಇದೇ ಬೋ ಪ್ರದೇಶದ ಕಿಂಗ್ಸ್‌ಲಿ ಹಾಲಿನಲ್ಲಿ. ಅದೇ ಲಂಡನ್ನಿನ ಸಭೆಯಲ್ಲಿ ಬಾಬಾಸಾಹೇಬರು ಅವರಿಗೆ ಎದುರಾಗಿ ನಿಂತು, ನಮ್ಮ ಪ್ರತಿನಿಧಿಗಳನ್ನು ನಾವೇ ಆರಿಸುತ್ತೇವೆ ಅಂತ ವಾದಿಸುತ್ತಿದ್ದರು. ಪ್ರತಿನಿಧಿ ಯಾರಿಗೆ ಉತ್ತರ ಹೇಳಬೇಕು? ಪಾಪ್ಲರಿನ ಪ್ರಶ್ನೆಯೂ ಅದೇ ತಾನೆ?

ಲ್ಯಾನ್ಸ್‌ಬರಿಯನ್ನು ದೇವರು ಮಾಡುವುದು ಬೇಡ. ಶಾಂತಿಯ ಹಂಬಲದಲ್ಲಿ 1937ರಲ್ಲಿ ಹಿಟ್ಲರನನ್ನು ಕಂಡು ಮಾತಾಡಿಸಿ, ಯುದ್ಧ ತಪ್ಪುತ್ತದೆ ಅಂತ ನಂಬಿದ. ಘೋರ ತಪ್ಪು. ಹಸಿವಿನ ವಿಷಯದಲ್ಲಿ ಮಂಕಾಗದ ಕಣ್ಣು ಅಲ್ಲಿ ಮಂಕಾಯಿತು.

ಆದರೂ ಒಂದು ಮಾತು ಉಳಿಯುತ್ತದೆ. ಏಣಿ ಹತ್ತಿದವರು ಕೆಳಗಿನ ಮೆಟ್ಟಿಲು ಒದೆಯುವುದು ಲೋಕರೂಢಿ. 1932ರಿಂದ 1935ರವರೆಗೆ ಲೇಬರ್ ಪಕ್ಷದ ನಾಯಕನೇ ಆಗಿದ್ದ ಈ ಮನುಷ್ಯ 1936ರಲ್ಲಿ ಮತ್ತೆ ಪಾಪ್ಲರಿನ ಮೇಯರ್ ಆಗಿ ಕೂತ. ತೀರಿಕೊಂಡದ್ದು 1940ರಲ್ಲಿ. ಜೈಲು ಕಂಡ ನೆಲ್ಲಿ ಕ್ರೆಸಾಲ್ 1943ರಲ್ಲಿ ಅದೇ ಕುರ್ಚಿಯಲ್ಲಿ ಕೂತಳು.

ಮೇಷ್ಟ್ರಾಗಿರುವ ಗೆಳೆಯರೇ, ನಾಳೆ ಇಂಗ್ಲೆಂಡಿನ ಪಾಠ ಬಂದಾಗ ರಾಜರ ಇಸವಿಗಳ ಪಕ್ಕದಲ್ಲಿ 1921 ಅಂತಲೂ ಬರೆಯಿರಿ. ಯಾಕೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ.