ಬ್ಯಾಂಕ್ ಚೀಟಿಗಳ ಜಾಡು ಹಿಡಿದ ನ್ಯಾಯಾಧೀಶ

ಕಳ್ಳದಾರಿಯ ಹಣವನ್ನು ಗಳಿಸಿದರಷ್ಟೇ ಸಾಲದು. ಅದನ್ನು ನಿರ್ಭಯವಾಗಿ ಖರ್ಚು ಮಾಡಲು ಸಭ್ಯವಾದ ಒಂದು ಮೂಲವನ್ನೂ ತೋರಿಸಬೇಕು. ಆದ್ದರಿಂದ ಬ್ಯಾಂಕು, ವ್ಯಾಪಾರ, ಕಟ್ಟಡಗಳ ಮೂಲಕ ಹಾಯಿಸಿ ಅದನ್ನು 'ಮಡಿ' ಮಾಡುತ್ತಾರೆ. ನಮ್ಮ ಪತ್ರಿಕೆಗಳು ಇದನ್ನು ಅಕ್ರಮ ಹಣ ವರ್ಗಾವಣೆ ಎನ್ನುತ್ತವೆ. ಈ ಮಡಿಯ ಗುಟ್ಟನ್ನು ಬಯಲಿಗೆಳೆದವರಲ್ಲಿ ಇಟಲಿಯ ಜೊವಾನ್ನಿ ಫಾಲ್ಕೋನೆ ಮೊದಲ ಸಾಲಿನವರು.

ಫಾಲ್ಕೋನೆ ಹುಟ್ಟಿದ್ದು 1939ರಲ್ಲಿ, ಸಿಸಿಲಿ ದ್ವೀಪದ ಪಾಲೆರ್ಮೋ ನಗರದಲ್ಲಿ. ಕಾನೂನು ಓದಿದ್ದೂ ಅಲ್ಲಿಯೇ. ನಮ್ಮಲ್ಲಿ ಸಾಮಾನ್ಯವಾಗಿ ತನಿಖೆ ಪೊಲೀಸರದು, ತೀರ್ಪು ನ್ಯಾಯಾಧೀಶರದು. ಆಗಿನ ಇಟಲಿಯಲ್ಲಾದರೋ ತನಿಖೆಗೆಂದೇ ನ್ಯಾಯಾಧೀಶರಿದ್ದರು. ಅಂಥ ಹುದ್ದೆಯಲ್ಲಿದ್ದ ಫಾಲ್ಕೋನೆಯವರ ಕೈಗೆ 1980ರಲ್ಲಿ ಕಟ್ಟಡ ಗುತ್ತಿಗೆದಾರ ರೊಸಾರಿಯೋ ಸ್ಪಾತೋಲನ ಮೊಕದ್ದಮೆ ಬಂತು. ಸಿಸಿಲಿಯಿಂದ ಅಮೆರಿಕಕ್ಕೆ ಹೆರಾಯಿನ್ ಹೋಗುತ್ತಿತ್ತು, ಡಾಲರು ಮರಳಿ ಬರುತ್ತಿತ್ತು. ಮಾಫಿಯಾದ ಭಯಕ್ಕೆ ಸಾಕ್ಷಿ ಹೇಳುವವರು ಮಾತ್ರ ಸಿಗುತ್ತಿರಲಿಲ್ಲ. ಫಾಲ್ಕೋನೆ ಪಾಲೆರ್ಮೋ ಪ್ರಾಂತ್ಯದ ಬ್ಯಾಂಕುಗಳಿಗೆಲ್ಲ ಬರೆದು, 1975ರಿಂದೀಚಿನ ವಿದೇಶಿ ಹಣ ವಿನಿಮಯದ ಚೀಟಿಗಳನ್ನು ಕೇಳಿದರು. ರಾಶಿ ರಾಶಿ ಕಾಗದಗಳ ನಡುವೆ ಕುಳಿತು ಓದಿದರು. ಮನುಷ್ಯ ಬಾಯಿ ಬಿಡದಿದ್ದರೂ ಚೀಟಿಯಲ್ಲಿ ಹೆಸರು, ತಾರೀಖು, ಮೊತ್ತ ಇರುತ್ತವಲ್ಲ! ಪತ್ತೇದಾರಿ ಕಾದಂಬರಿಗಳಲ್ಲಿ ಇಂಥ ಬೇಸರದ ಕೆಲಸಕ್ಕೆ ಜಾಗವಿಲ್ಲ.

1986ರ ಫೆಬ್ರವರಿಯಲ್ಲಿ 475 ಆರೋಪಿಗಳ ಮಹಾ ವಿಚಾರಣೆ ಆರಂಭವಾಯಿತು. ಮರುವರ್ಷ ಮುನ್ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು.

ಆದರೆ ಹಣ ಇಟಲಿಯಲ್ಲೇ ನಿಲ್ಲುವುದಿಲ್ಲ. ಅದು ಸ್ವಿಟ್ಜರ್ಲೆಂಡಿನ ಗುಪ್ತ ಖಾತೆಗಳನ್ನು ಸೇರುತ್ತಿತ್ತು. ಅಲ್ಲಿನ ಸರ್ಕಾರಿ ವಕೀಲೆ ಕಾರ್ಲಾ ದೆಲ್ ಪೊಂತೆ ಫಾಲ್ಕೋನೆಗೆ ನೆರವಾದರು. 1989ರ ಜೂನ್‌ನಲ್ಲಿ ಅವರು ಪಾಲೆರ್ಮೋಗೆ ಬಂದಿದ್ದಾಗ, ಫಾಲ್ಕೋನೆ ಬಾಡಿಗೆಗೆ ಹಿಡಿದಿದ್ದ ಕಡಲತೀರದ ಮನೆಯ ಬಳಿ ಬಾಂಬು ಸಿಕ್ಕಿತು. ಅಪರಾಧಿಗಳಿಗೆ ಯಾವುದರ ಭಯವಿತ್ತೆಂಬುದು ಇದರಿಂದಲೇ ತಿಳಿಯುತ್ತದೆ. ಮುಂದಿನ ತಿಂಗಳೇ ಪ್ಯಾರಿಸ್ಸಿನಲ್ಲಿ ಸೇರಿದ ಏಳು ಶ್ರೀಮಂತ ರಾಷ್ಟ್ರಗಳು ಹಣಕಾಸು ಕಾರ್ಯಪಡೆಯನ್ನು ರಚಿಸಿದವು. ಅದರ 40 ಶಿಫಾರಸುಗಳು 1990ರಲ್ಲಿ ಹೊರಬಂದವು.

1991ರಲ್ಲಿ ಫಾಲ್ಕೋನೆ ರೋಮಿನ ನ್ಯಾಯ ಸಚಿವಾಲಯಕ್ಕೆ ಹೋದರು. 1992ರ ಏಪ್ರಿಲ್‌ನಲ್ಲಿ ವಿಯೆನ್ನಾದ ವಿಶ್ವಸಂಸ್ಥೆಯ ಸಭೆಯಲ್ಲಿ, ಸಂಘಟಿತ ಅಪರಾಧದ ವಿರುದ್ಧ ರಾಷ್ಟ್ರಗಳು ಒಂದಾಗಬೇಕೆಂದು ವಾದಿಸಿದರು. ಮೇ 23ರಂದು ಪಾಲೆರ್ಮೋ ಬಳಿಯ ಹೆದ್ದಾರಿಯಲ್ಲಿ ಬಾಂಬು ಸಿಡಿದು ಅವರೂ, ನ್ಯಾಯಾಧೀಶೆಯಾಗಿದ್ದ ಪತ್ನಿ ಫ್ರಾಂಚೆಸ್ಕಾ ಮೊರ್ವಿಲ್ಲೋ ಅವರೂ, ಮೂವರು ಅಂಗರಕ್ಷಕರೂ ಮಡಿದರು.

2000ದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಒಪ್ಪಂದವೊಂದನ್ನು ಸಹಿಗಾಗಿ ತೆರೆದದ್ದು ಅದೇ ಪಾಲೆರ್ಮೋದಲ್ಲಿ. ಭಾರತ 2011ರಲ್ಲಿ ಅದನ್ನು ಅನುಮೋದಿಸಿತು. ಬ್ಯಾಂಕಿನ ದಾಖಲೆಗಳನ್ನು ತರಿಸಿ ನೋಡುವ ಅಧಿಕಾರ ನ್ಯಾಯಾಲಯಕ್ಕಿರಬೇಕು, ಬ್ಯಾಂಕಿನ ಗೋಪ್ಯತೆಯ ನೆಪ ಸಲ್ಲದು ಎನ್ನುತ್ತದೆ ಅದರ 12ನೆಯ ವಿಧಿ.